ಫ್ರೇಮಿಗೂ ಫ್ರೇಮಿಗೂ ನಡುವೆ ಚೆಂಡು ಎಲ್ಲಿರುತ್ತದೆ?

1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡದಲ್ಲಿ ಆರಂಭಿಸಿದ ಕೊಡವ ಕೌಟುಂಬಿಕ ಹಾಕಿ ಉತ್ಸವವನ್ನು ವಿರಾಜಪೇಟೆಯ ಕಾಲೇಜು ಹುಡುಗರು ವಿಡಿಯೊ ಗೇಮ್ ಮಾಡಲು ಹೊರಟರೆಂದು ಇಟ್ಟುಕೊಳ್ಳೋಣ. ಒಕ್ಕಗಳ (ಕೊಡವ ಮನೆತನಗಳ) ಹೆಸರು, ಜೆರ್ಸಿಯ ಬಣ್ಣ, ಗ್ಯಾಲರಿಯ ಗದ್ದಲ ಎಲ್ಲವೂ ಹೇಗೋ ಕೂಡಿಬಂದಾವು. ತೊಡಕು ಶುರುವಾಗುವುದು ಪೆನಾಲ್ಟಿ ಕಾರ್ನರ್‌ನಲ್ಲಿ. ಬಲವಾದ ಹೊಡೆತಕ್ಕೆ ಚೆಂಡು ಸೆಕೆಂಡಿಗೆ 30 ಮೀಟರ್, ಅಂದರೆ ಗಂಟೆಗೆ 108 ಕಿ.ಮೀ. ವೇಗದಲ್ಲಿ ಹೊರಟಿತೆನ್ನಿ. ಗೇಮ್ ಸೆಕೆಂಡಿಗೆ 60 ಸಲ ಮಾತ್ರ, ಅಂದರೆ ಪರದೆಯ ಒಂದೊಂದು ಚಿತ್ರಕ್ಕೆ (ಫ್ರೇಮಿಗೆ) ಒಮ್ಮೆ, ಲೆಕ್ಕ ಹಾಕುವುದರಿಂದ ಒಂದು ಲೆಕ್ಕಕ್ಕೂ ಮುಂದಿನದಕ್ಕೂ ನಡುವೆ ಚೆಂಡು ಅರ್ಧ ಮೀಟರ್ ಸಾಗಿರುತ್ತದೆ. ಚೆಂಡಿನ ವ್ಯಾಸ ಏಳು ಸೆಂಟಿಮೀಟರ್‌ಗಿಂತ ತುಸು ಹೆಚ್ಚು, ಗೋಲಿನ ಹಿಂಬದಿಯ ಹಲಗೆಯ ದಪ್ಪ ಅದಕ್ಕಿಂತ ಕಡಿಮೆ. ಹೀಗಾಗಿ ಒಂದು ಲೆಕ್ಕದಲ್ಲಿ ಹಲಗೆಯ ಈಚೆ ಇದ್ದ ಚೆಂಡು ಮುಂದಿನ ಲೆಕ್ಕದಲ್ಲಿ ಆಚೆ ಇರಬಹುದು. ಎರಡೂ ತಾಗಿದ ಕ್ಷಣವೇ ಕಂಪ್ಯೂಟರಿನ ಪಾಲಿಗೆ ಇರುವುದಿಲ್ಲ. ಈ ಕ್ಷೇತ್ರದವರು ಇದನ್ನು ಟನಲಿಂಗ್ ಎನ್ನುತ್ತಾರೆ.

ಪರಿಹಾರವಿದೆ. ಚೆಂಡು ಈಗ ಎಲ್ಲಿದೆ ಎಂದಷ್ಟೇ ನೋಡದೆ, ಹಿಂದಿನ ಜಾಗದಿಂದ ಈಗಿನ ಜಾಗದವರೆಗೆ ಅದು ಸವರಿಕೊಂಡು ಬಂದ ಇಡೀ ದಾರಿಯನ್ನು ಪರಿಶೀಲಿಸಿ, ಮೊದಲ ಸ್ಪರ್ಶದ ಸಮಯವನ್ನು ಹುಡುಕುವುದು. ಇದು ದುಬಾರಿ ಕೆಲಸವಾದ್ದರಿಂದ ಎಂಜಿನ್‌ಗಳು, ಅಂದರೆ ಗೇಮ್‌ಗಳಲ್ಲಿ ಈ ಲೆಕ್ಕ ಹಾಕುವ ಸಿದ್ಧ ತಂತ್ರಾಂಶಗಳು, ಇದನ್ನು ಜಿಪುಣತನದಿಂದಲೇ ಬಳಸುತ್ತವೆ. ಎರಡು ಆಯಾಮದ ಆಟಗಳಲ್ಲಿ ಬಹಳ ಬಳಕೆಯಲ್ಲಿರುವ ಬಾಕ್ಸ್‌ಟುಡಿ ಎಂಜಿನ್, ಅಲುಗಾಡದ ಗೋಡೆ-ಹಲಗೆಗಳ ವಿಷಯದಲ್ಲಿ ತಾನಾಗಿಯೇ ಈ ಎಚ್ಚರ ವಹಿಸುತ್ತದೆ. ಆದರೆ ಚಲಿಸುತ್ತಿರುವ ಹಾಕಿ ಸ್ಟಿಕ್ಕನ್ನೂ ಚೆಂಡು ತೂರಿ ಹೋಗಬಾರದೆಂದರೆ ಚೆಂಡಿಗೆ ‘ಬುಲೆಟ್’ ಎಂಬ ಗುರುತನ್ನು ಪ್ರೋಗ್ರಾಮರ್ ತಾನೇ ಹಚ್ಚಬೇಕು.

ಗೇಮ್‌ಗಳ ಭೌತಶಾಸ್ತ್ರದ ಕಥೆಯನ್ನು ಸಾಮಾನ್ಯವಾಗಿ ಚಿಪ್‌ಗಳ ವೇಗ ಏರಿದ ಕಥೆಯಾಗಿ ಹೇಳುತ್ತಾರೆ. ನನಗೆ ಅದು ಅರ್ಧ ಸತ್ಯವೆನಿಸುತ್ತದೆ. ನ್ಯೂಟನ್ನನ ನಿಯಮಗಳು ಮೊದಲ ದಿನದಿಂದಲೂ ಗೊತ್ತಿದ್ದವು. ಎಡೆಬಿಡದೆ ಹರಿಯುವ ಕಾಲವನ್ನು ತುಂಡು ಮಾಡಿದಾಗ ಹುಟ್ಟುವ ತಪ್ಪುಗಳನ್ನು ಹೇಗೆ ಪಳಗಿಸುವುದೆಂಬುದನ್ನು ಮಾತ್ರ ನಿಧಾನವಾಗಿ ಕಲಿಯಬೇಕಾಯಿತು.

ಕುತೂಹಲದ ಸಂಗತಿಯೆಂದರೆ ತೀರ ಹಳೆಯ ಆಟಕ್ಕೆ ಈ ಕಾಟವಿರಲಿಲ್ಲ. 1958ರಲ್ಲಿ ಅಮೆರಿಕದ ಬ್ರೂಕ್‌ಹೇವನ್ ಪ್ರಯೋಗಾಲಯದಲ್ಲಿ ವಿಲಿಯಂ ಹಿಗಿನ್‌ಬಾಥಮ್ ರೂಪಿಸಿದ ‘ಟೆನಿಸ್ ಫಾರ್ ಟು’ ನಡೆಯುತ್ತಿದ್ದುದು ಅನಲಾಗ್ ಕಂಪ್ಯೂಟರಿನಲ್ಲಿ. ಅಲ್ಲಿ ಚೆಂಡಿನ ಸ್ಥಾನವೆಂದರೆ ನಿರಂತರವಾಗಿ ಬದಲಾಗುವ ಒಂದು ವೋಲ್ಟೇಜ್, ಆದ್ದರಿಂದ ಚೆಂಡಿನ ಪಥ ಎಲ್ಲಿಯೂ ತುಂಡಾಗುತ್ತಿರಲಿಲ್ಲ. 1962ರಲ್ಲಿ ಎಂಐಟಿಯಲ್ಲಿ ತಯಾರಾದ ‘ಸ್ಪೇಸ್‌ವಾರ್’ ಡಿಜಿಟಲ್ ಯಂತ್ರದ ಆಟ. ಪರದೆಯ ನಡುವಿನ ನಕ್ಷತ್ರ ನೌಕೆಗಳನ್ನು ಸೆಳೆಯುತ್ತಿತ್ತು, ಟಾರ್ಪೆಡೊಗಳನ್ನು ಸೆಳೆಯುತ್ತಿರಲಿಲ್ಲ. ಅಷ್ಟೊಂದು ಲೆಕ್ಕಕ್ಕೆ ಪಿಡಿಪಿ-1 ಯಂತ್ರದ ಬಳಿ ಪುರುಸೊತ್ತಿರಲಿಲ್ಲ. ಯಾವುದಕ್ಕೆ ನಿಯಮ ಅನ್ವಯಿಸಬೇಕು, ಯಾವುದಕ್ಕೆ ವಿನಾಯಿತಿ ಕೊಡಬೇಕು ಎಂಬ ಚೌಕಾಸಿ ಅಂದಿನಿಂದಲೇ ಶುರು.

ಕಾಲವನ್ನು ತುಂಡರಿಸುವುದರ ಅಪಾಯ ಎಷ್ಟು ಸೂಕ್ಷ್ಮವಾದದ್ದೆಂದು ತಿಳಿಯಲು ಒಂದು ಸ್ಪ್ರಿಂಗ್ ಸಾಕು. ಅದು ಸೆಕೆಂಡಿಗೊಮ್ಮೆ ಅತ್ತಿತ್ತ ಆಡುತ್ತದೆ, ಘರ್ಷಣೆಯಿಲ್ಲ ಎಂದುಕೊಳ್ಳಿ. ಪಠ್ಯಪುಸ್ತಕದ ಆಯ್ಲರ್ ವಿಧಾನದಲ್ಲಿ, ಪ್ರತಿ ಫ್ರೇಮಿನಲ್ಲೂ ಹಳೆಯ ವೇಗವನ್ನು ಬಳಸಿ ಸ್ಥಾನವನ್ನು, ಹಳೆಯ ಸ್ಥಾನವನ್ನು ಬಳಸಿ ವೇಗವನ್ನು ಮುಂದೂಡುತ್ತೇವೆ. ಸೆಕೆಂಡಿಗೆ 60 ಸಲ ಹೀಗೆ ಮಾಡಿದರೆ ಸ್ಪ್ರಿಂಗಿನ ಆಟ ಒಂದು ಸೆಕೆಂಡಿನಲ್ಲಿ ಸುಮಾರು ಶೇಕಡ 39ರಷ್ಟು ಹಿಗ್ಗಿ, ಎರಡು ಸೆಕೆಂಡಿನಲ್ಲಿ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಎಲ್ಲಿಂದಲೂ ಬಾರದ ಶಕ್ತಿ ಅದರೊಳಗೆ ತುಂಬಿಕೊಳ್ಳುತ್ತದೆ! ಇದಕ್ಕೆ ಮದ್ದು ಎರಡು ಸಾಲುಗಳ ಅದಲುಬದಲು ಮಾತ್ರ: ಮೊದಲು ವೇಗವನ್ನು ಬದಲಿಸಿ, ಆ ಹೊಸ ವೇಗದಿಂದ ಸ್ಥಾನವನ್ನು ಕಂಡುಹಿಡಿದರೆ ಆಟ ಹತೋಟಿಯಲ್ಲಿರುತ್ತದೆ. ಒಂದು ಗುಣಾಕಾರವೂ ಹೆಚ್ಚಾಗುವುದಿಲ್ಲ.

2000ದಲ್ಲಿ ಬಂದ ‘ಹಿಟ್‌ಮನ್: ಕೋಡ್‌ನೇಮ್ 47’ ಆಟದಲ್ಲಿ ಥಾಮಸ್ ಯಾಕೋಬ್‌ಸೆನ್ ಇನ್ನೂ ಮುಂದೆ ಹೋಗಿ ವೇಗವನ್ನು ನೆನಪಿಡುವುದನ್ನೇ ಬಿಟ್ಟರು. ಈಗಿನ ಸ್ಥಾನ ಮತ್ತು ಹಿಂದಿನ ಸ್ಥಾನ, ಇವೆರಡರ ಅಂತರವೇ ವೇಗ. ದೇಹವೆಂದರೆ ಕೋಲುಗಳಿಂದ ಜೋಡಿಸಿದ ಕೆಲವು ಬಿಂದುಗಳು. ಕೋಲು ಹಿಗ್ಗಿದ್ದರೆ ತುದಿಗಳನ್ನು ಹತ್ತಿರ ತಳ್ಳು, ಕುಗ್ಗಿದ್ದರೆ ದೂರ ತಳ್ಳು, ಹೀಗೆ ಕೆಲವು ಸಲ ಸುತ್ತಿ ಬಾ. ನೆಲಕ್ಕುರುಳುವ ಮೈ ಮೊದಲೇ ಬರೆದಿಟ್ಟ ಅನಿಮೇಷನ್ನಿನಂತೆ ಬೀಳದೆ, ಮೆಟ್ಟಿಲಿದ್ದರೆ ಮೆಟ್ಟಿಲಿನ ಮೇಲೆಯೇ ಮುದುಡಿ ಬೀಳಲು ಇಷ್ಟೇ ಸಾಕಾಯಿತು.

ಪೇರಿಸಿಟ್ಟ ವಸ್ತುಗಳು ಇದಕ್ಕಿಂತ ಕಠಿಣ. ಡಬ್ಲಿನ್ನಿನಲ್ಲಿ 1998ರಲ್ಲಿ ಹುಟ್ಟಿದ ಹ್ಯಾವೊಕ್ ಕಂಪನಿಯ ಎಂಜಿನ್ ಬಳಸಿದ ‘ಹಾಫ್-ಲೈಫ್ 2’ 2004ರಲ್ಲಿ ಬಂದು, ಏತದ ಹಲಗೆಯ ಒಂದು ತುದಿಗೆ ಇಟ್ಟಿಗೆ ಹೇರಿ ಇನ್ನೊಂದು ತುದಿಯನ್ನು ಹತ್ತುವಂಥ ಒಗಟುಗಳನ್ನು ಆಟಗಾರರ ಮುಂದಿಟ್ಟಿತು. ಭಾರವನ್ನು ನಂಬುವಂತಾದದ್ದೇ ಆಗ. ಕಷ್ಟ ಏನೆಂದು ನೋಡಲು ಕಾಫಿ ಗೋದಾಮಿನಲ್ಲಿ 50 ಕಿಲೊ ತೂಕದ ಹತ್ತು ಚೆರಿ ಚೀಲಗಳನ್ನು ಒಂದರ ಮೇಲೊಂದು ಪೇರಿಸಿದ್ದನ್ನು ಪರದೆಗೆ ತನ್ನಿ. ತಳದ ಚೀಲ 450 ಕಿಲೊ ಹೊರಬೇಕು, ಆದರೆ ಆ ವಿಷಯ ಅದಕ್ಕೆ ನೇರವಾಗಿ ತಿಳಿಯುವುದಿಲ್ಲ. ಎಂಜಿನ್ ಎರಡೆರಡು ಚೀಲಗಳ ನಡುವಿನ ಒತ್ತಡವನ್ನಷ್ಟೇ ಸರಿಪಡಿಸುತ್ತ ಹೋಗುತ್ತದೆ. ಸುತ್ತುಗಳು ಸಾಲದಿದ್ದರೆ ಚೀಲಗಳು ಒಂದರೊಳಗೊಂದು ಹೂತು, ನಡುಗಿ, ಕುಸಿಯುತ್ತವೆ. ಬಾಕ್ಸ್‌ಟುಡಿಯ ಕರ್ತೃ ಎರಿನ್ ಕ್ಯಾಟೊ 2006ರಲ್ಲಿ ವಿವರಿಸಿದ ವಿಧಾನದಲ್ಲಿ, ಹಿಂದಿನ ಫ್ರೇಮಿನ ಒತ್ತಡಗಳನ್ನು ಎಸೆಯದೆ ಅಲ್ಲಿಂದಲೇ ಲೆಕ್ಕ ಮುಂದುವರಿಯುತ್ತದೆ. ಚೀಲಗಳು ಅಲುಗಾಡದೆ ಕೂತಿದ್ದರೆ ನಿನ್ನೆಯ ಉತ್ತರವೇ ಇಂದಿಗೂ ಹೆಚ್ಚುಕಡಿಮೆ ಸರಿ ತಾನೆ? 2009ರ ‘ಆ್ಯಂಗ್ರಿ ಬರ್ಡ್ಸ್’ ಕಟ್ಟಡಗಳು ಹಕ್ಕಿ ಬಡಿಯುವವರೆಗೆ ನಿಂತಿದ್ದುದು ಈ ಎಂಜಿನ್ನಿನ ಬಲದಿಂದ.

ಇದೇ ಕಾಲದಲ್ಲಿ, 2006ರಲ್ಲಿ, ಭೌತಶಾಸ್ತ್ರದ ಲೆಕ್ಕಕ್ಕೆಂದೇ ಕಂಪ್ಯೂಟರಿಗೆ ಜೋಡಿಸುವ ಪ್ರತ್ಯೇಕ ಕಾರ್ಡನ್ನು ಏಜಿಯಾ ಎಂಬ ಕಂಪನಿ ಮಾರಾಟಕ್ಕೆ ತಂದಿತು. 2008ರಲ್ಲಿ ಆ ಕಂಪನಿಯನ್ನು ಎನ್‌ವಿಡಿಯಾ ಕೊಂಡುಕೊಂಡಿತು. ಕಾರ್ಡ್ ಮರೆಯಾಯಿತು, ಅದರ ಫಿಸ್‌ಎಕ್ಸ್ ತಂತ್ರಾಂಶ ಉಳಿಯಿತು.

ಹೆಚ್ಚು ಗಮನಾರ್ಹವಾದದ್ದು 2019ರಲ್ಲಿ ಮೈಲ್ಸ್ ಮ್ಯಾಕ್ಲಿನ್ ಮತ್ತು ಸಂಗಡಿಗರು ತೋರಿಸಿಕೊಟ್ಟ ಸಂಗತಿ. ಒಂದೇ ಫ್ರೇಮಿನ ಲೆಕ್ಕವನ್ನು ಇಪ್ಪತ್ತು ಸಲ ತಿದ್ದುವ ಬದಲು, ಆ ಫ್ರೇಮನ್ನೇ ಇಪ್ಪತ್ತು ತುಂಡು ಮಾಡಿ ಪ್ರತಿ ತುಂಡನ್ನೂ ಒಂದೇ ಸಲ ತಿದ್ದಿದರೆ, ಸರಿಸುಮಾರು ಅಷ್ಟೇ ದುಡಿಮೆಗೆ ಫಲ ಬಹಳ ಚೆನ್ನಾಗಿರುತ್ತದೆ. ಒಂದು ಹೆಜ್ಜೆಯಲ್ಲಿ ಗುರುತ್ವ ಚೀಲವನ್ನು ಕೆಳಗೆಳೆಯುವ ದೂರ ಕಾಲದ ವರ್ಗಕ್ಕೆ ಅನುಗುಣವಾಗಿರುವುದರಿಂದ, ಹೆಜ್ಜೆಯನ್ನು ನಾಲ್ಕನೇ ಒಂದಕ್ಕೆ ಇಳಿಸಿದರೆ ಆ ಹೆಜ್ಜೆಯ ತಪ್ಪು ಹದಿನಾರನೇ ಒಂದಕ್ಕೆ ಇಳಿಯುತ್ತದೆ. ಯಾವುದಕ್ಕೆ ಯಾವುದು ತಾಗಿದೆ ಎಂದು ಹುಡುಕುವ ದುಬಾರಿ ಕೆಲಸವನ್ನು ಮಾತ್ರ ಫ್ರೇಮಿಗೆ ಒಮ್ಮೆ ಮಾಡಿದರಾಯಿತು. 2024ರಲ್ಲಿ ಬಂದ ಬಾಕ್ಸ್‌ಟುಡಿಯ ಮೂರನೆಯ ಆವೃತ್ತಿ ಹಳೆಯ ಕ್ರಮವನ್ನು ಬಿಟ್ಟು ಈ ದಾರಿಗೆ ಹೊರಳಿದೆ. ಫ್ರೇಮಿಗೆ ನಾಲ್ಕು ತುಂಡು ಎಂಬುದು ಅದರ ಸಾಮಾನ್ಯ ಶಿಫಾರಸು.