ಹಳೆಯ 'ರಿಕ್ವೆಸ್ಟ್' ಲೈಬ್ರರಿ: ಇಟ್ಟುಕೊಳ್ಳುವುದೋ, ಬಿಡುವುದೋ?

ನೋಡ್‌ಜೆಎಸ್‌ನಲ್ಲಿ (ಸರ್ವರ್‌ನಲ್ಲಿ ಜಾವಾಸ್ಕ್ರಿಪ್ಟ್ ಓಡಿಸುವ ವ್ಯವಸ್ಥೆ) ಹೊರಗಿನ ಎಪಿಐ, ಅಂದರೆ ಬೇರೊಂದು ಸೇವೆಯನ್ನು ಕೋಡ್‌ನಿಂದ ಬಳಸುವ ದಾರಿ, ಕರೆಯಬೇಕೆಂದರೆ ವರ್ಷಗಟ್ಟಲೆ ಮೊದಲು ನೆನಪಾಗುತ್ತಿದ್ದದ್ದು ರಿಕ್ವೆಸ್ಟ್. 2020ರ ಫೆಬ್ರವರಿಯಲ್ಲಿ ಅದನ್ನು ಡೆಪ್ರಿಕೇಟ್ ಮಾಡಿದರು, ಅಂದರೆ ಇನ್ನು ಬಳಸಬೇಡಿ ಎಂದು ಘೋಷಿಸಿದರು. ಕೊನೆಯ ಆವೃತ್ತಿ 2.88.2. ಇಂದಿಗೂ ಇನ್‌ಸ್ಟಾಲ್ ಆಗುತ್ತದೆ, ಓಡುತ್ತದೆ. ಆದ್ದರಿಂದ 'ಹಳೆಯದು' ಎಂಬ ಒಂದೇ ಕಾರಣಕ್ಕೆ ಕಿತ್ತೆಸೆಯಬೇಡಿ. ಅದು ನಮಗೆ ಗೊತ್ತಾಗದಂತೆ ಏನೇನು ಮಾಡಿಕೊಡುತ್ತಿದೆ ಎಂದು ಮೊದಲು ಪಟ್ಟಿ ಮಾಡಿ.

ಎಲ್ಲಿ ಕೂತಿದೆ ಎಂದು ತಿಳಿಯಲು 'ಎನ್‌ಪಿಎಂ ಎಲ್‌ಎಸ್ ರಿಕ್ವೆಸ್ಟ್' ಕಮಾಂಡ್ ಕೊಡಿ. ನೀವು ನೇರವಾಗಿ ಹಾಕಿರದಿದ್ದರೂ ಬೇರೊಂದು ಪ್ಯಾಕೇಜಿನ ಬೆನ್ನಿಗೆ ಬಂದಿರಬಹುದು. ಆಗ ನಿಮ್ಮ ಕೋಡ್ ತಿದ್ದಿ ಪ್ರಯೋಜನವಿಲ್ಲ, ಆ ಪ್ಯಾಕೇಜನ್ನೇ ಬದಲಿಸಬೇಕು.

ಭದ್ರತೆಯಲ್ಲಿ ಮುಖ್ಯವಾದದ್ದು ಸಿವಿಇ-2023-28155 ಎಂಬ ಸಂಖ್ಯೆಯಲ್ಲಿ ದಾಖಲಾದ ದೋಷ. ಎಚ್‌ಟಿಟಿಪಿಯಿಂದ ಎಚ್‌ಟಿಟಿಪಿಎಸ್‌ಗೆ, ಅಥವಾ ಹಿಮ್ಮುಖವಾಗಿ, ರೀಡೈರೆಕ್ಟ್ ಆದಾಗ ರಿಕ್ವೆಸ್ಟ್ ನೀವು ಕೊಟ್ಟ ಏಜೆಂಟನ್ನು (ಸಂಪರ್ಕಗಳನ್ನು ನಿಭಾಯಿಸುವ ಭಾಗ) ಬಿಟ್ಟುಬಿಡುತ್ತದೆ. ಒಳಜಾಲದ ಐಪಿಗಳನ್ನು ತಡೆಯುವ ಫಿಲ್ಟರ್ ಆ ಏಜೆಂಟಿನಲ್ಲೇ ಇದ್ದರೆ ಅದೂ ಹೋಯಿತು. ಬಳಕೆದಾರರು ಕೊಟ್ಟ ಯುಆರ್‌ಎಲ್ ಕರೆಯುವ ಆ್ಯಪ್‌ಗೆ ಇದು ನಿಜವಾದ ಅಪಾಯ. ಒಂದೇ ನಂಬಿಕಸ್ಥ ಎಪಿಐ ಕರೆಯುವ ಸ್ಕ್ರಿಪ್ಟ್‌ಗೆ ಬಹಳ ಕಡಿಮೆ. ಮೂಲ ಪ್ಯಾಕೇಜಿನಲ್ಲಿ ಇದಕ್ಕೆ ಪರಿಹಾರ ಬಂದಿಲ್ಲ, ಸೈಪ್ರೆಸ್ ಎಂಬ ಪರೀಕ್ಷಾ ಸಾಧನದವರು ಅದರ ಕೋಡ್ ನಕಲಿಸಿ ಮುಂದುವರಿಸಿದ ಫೋರ್ಕ್‌ನ 3.0.0ರಲ್ಲಿ ಬಂದಿದೆ.

ಬದಲಿಗೆ ನೋಡ್ 18ರಿಂದ ಜೊತೆಗೇ ಬರುವ ಫೆಚ್ ಇದೆ. ಎಡವುವುದು ಇಲ್ಲೇ. ರಿಕ್ವೆಸ್ಟ್‌ನ ಟೈಮ್‌ಔಟ್ ಉತ್ತರದ ಹೆಡರ್ ಬರುವವರೆಗಿನ ಕಾಯುವಿಕೆಯನ್ನು ಅಳೆಯುತ್ತದೆ. ಫೆಚ್‌ಗೆ ಕಾಲಮಿತಿ ಹಾಕಲು ಬಳಸುವ ಅಬಾರ್ಟ್‌ಸಿಗ್ನಲ್‌ನ ಟೈಮ್‌ಔಟ್ ಬಾಡಿ, ಅಂದರೆ ಉತ್ತರದ ಒಳವಸ್ತು, ಪೂರ್ತಿ ಇಳಿಯುವವರೆಗೂ ಎಣಿಸುತ್ತದೆ. ಹಳೆಯ 5000 ಮಿಲಿಸೆಕೆಂಡನ್ನೇ ನಕಲಿಸಿದರೆ ದೊಡ್ಡ ಫೈಲು ಅರ್ಧಕ್ಕೇ ನಿಲ್ಲುತ್ತದೆ. ಇನ್ನು ಜೇಸನ್: ಅದು ಕೆಟ್ಟಿದ್ದರೆ ರಿಕ್ವೆಸ್ಟ್ ಸದ್ದಿಲ್ಲದೆ ಸ್ಟ್ರಿಂಗನ್ನೇ ಕೈಗಿಡುತ್ತಿತ್ತು, ಫೆಚ್ ಎರರ್ ಎಸೆಯುತ್ತದೆ. ಇದು ಒಳ್ಳೆಯದೇ, ಆದರೆ ಹಿಡಿಯುವ ಕೋಡ್ ನೀವೇ ಬರೆಯಬೇಕು. 404, 500ರಂಥ ವೈಫಲ್ಯದ ಸ್ಟೇಟಸ್ ಬಂದರೆ ರಿಕ್ವೆಸ್ಟ್, ಫೆಚ್ ಎರಡೂ ಎರರ್ ಎನ್ನುವುದಿಲ್ಲ. ರಿಕ್ವೆಸ್ಟ್ ಮೇಲೆ ಕಟ್ಟಿದ ರಿಕ್ವೆಸ್ಟ್-ಪ್ರಾಮಿಸ್ ಪ್ಯಾಕೇಜ್ ಬಳಸುತ್ತಿದ್ದವರು ಮಾತ್ರ ಎಚ್ಚರ, ಅದು ಎರರ್ ಎನ್ನುತ್ತಿತ್ತು. ಸ್ಟೇಟಸ್ ಪರೀಕ್ಷೆ ಸೇರಿಸದಿದ್ದರೆ ವಿಫಲವಾದ ಕರೆ ಯಶಸ್ಸಿನ ದಾರಿ ಹಿಡಿಯುತ್ತದೆ.

ಕಚೇರಿಯ ಪ್ರಾಕ್ಸಿ (ಹೊರಜಾಲಕ್ಕೆ ಹೋಗುವ ಮಧ್ಯವರ್ತಿ ಸರ್ವರ್) ಹಿಂದೆ ಇರುವ ಸರ್ವರ್‌ಗಳಲ್ಲಿ ಇನ್ನೊಂದು ತೊಡಕು. ಪ್ರಾಕ್ಸಿಯ ಎನ್ವಿರಾನ್ಮೆಂಟ್ ವೇರಿಯಬಲ್‌ಗಳನ್ನು ರಿಕ್ವೆಸ್ಟ್ ತಾನೇ ಓದುತ್ತಿತ್ತು, ಫೆಚ್ ತಾನಾಗಿ ಓದುವುದಿಲ್ಲ. ಲ್ಯಾಪ್‌ಟಾಪ್‌ನಲ್ಲಿ ಸರಿಯಾಗಿ ಓಡಿದ ಕೋಡ್ ಅಲ್ಲಿ ಸಂಪರ್ಕವೇ ಸಿಗದೆ ಬೀಳುತ್ತದೆ. ಪರೀಕ್ಷೆಯನ್ನು ಆ ಸರ್ವರ್‌ನಲ್ಲೇ ಮಾಡಿ.