ಮಗುವಿನ ಮೇಲಿನ ದೌರ್ಜನ್ಯ: ಕಾನೂನು ಎಲ್ಲಿ ಗೆರೆ ಎಳೆದಿದೆ, ಎಲ್ಲಿ ಬಿಟ್ಟಿದೆ?

ಮಗುವಿಗೆ ಏನು ಮಾಡಿದರೆ ದೌರ್ಜನ್ಯ? ಏನು ಮಾಡದೆ ಬಿಟ್ಟರೆ ನಿರ್ಲಕ್ಷ್ಯ? ನಮ್ಮ ದೇಶದ ಕಾನೂನನ್ನು ಕೇಳಿದರೆ ಒಂದೇ ಕಡೆ ಉತ್ತರ ಸಿಗುವುದಿಲ್ಲ. ಸ್ವಲ್ಪ ಲೈಂಗಿಕ ದೌರ್ಜನ್ಯದಿಂದ ಮಕ್ಕಳನ್ನು ಕಾಯುವ ಪೋಕ್ಸೊ ಕಾಯ್ದೆಯಲ್ಲಿದೆ, ಸ್ವಲ್ಪ ಬಾಲನ್ಯಾಯ ಕಾಯ್ದೆಯಲ್ಲಿದೆ. ಒಂದು ತುಣುಕು ಶಿಕ್ಷಣ ಹಕ್ಕು ಕಾಯ್ದೆಯಲ್ಲಿ, ಇನ್ನೊಂದು ದಂಡ ಸಂಹಿತೆಯಲ್ಲಿ. ಒಂದೊಂದೂ ಬೇರೆ ಬೇರೆ ಕಾಲದಲ್ಲಿ, ಬೇರೆ ಬೇರೆ ಒತ್ತಡಕ್ಕೆ ಹುಟ್ಟಿದ್ದು. ಹೀಗಾಗಿ ಶಾಲೆಯಲ್ಲಿ ಬಿದ್ದ ಏಟಿಗೆ ಒಂದು ಲೆಕ್ಕ, ಬಾಲಮಂದಿರದಲ್ಲಿ ಬಿದ್ದ ಏಟಿಗೆ ಇನ್ನೊಂದು, ಮನೆಯೊಳಗಿನ ಏಟಿಗೆ ಮತ್ತೊಂದು.

ಮೊದಲು 1860ಕ್ಕೆ ಹೋಗಬೇಕು. ಆ ವರ್ಷದ ಭಾರತೀಯ ದಂಡ ಸಂಹಿತೆಯ 317ನೇ ಕಲಂ, 12 ವರ್ಷದೊಳಗಿನ ಮಗುವನ್ನು ಪೂರ್ತಿ ಕೈಬಿಡುವ ಉದ್ದೇಶದಿಂದ ಎಲ್ಲೋ ಬಿಟ್ಟುಹೋದ ತಂದೆ ತಾಯಿಗೆ 7 ವರ್ಷದವರೆಗೆ ಜೈಲು ಎಂದಿತು. ಅದೇ ಸಂಹಿತೆಯ 89ನೇ ಕಲಂ ಇನ್ನೊಂದು ಮಾತು ಹೇಳಿತು. 12 ವರ್ಷದೊಳಗಿನ ಮಗುವಿನ ಒಳ್ಳೆಯದಕ್ಕೆಂದು ಪೋಷಕರು ಸದ್ಭಾವನೆಯಿಂದ ಮಾಡಿದ್ದು, ಕೆಲವು ಮಿತಿಗಳೊಳಗೆ, ಅಪರಾಧವಲ್ಲ. ‘ಬುದ್ಧಿ ಕಲಿಸಲು ಎರಡು ಬಿಟ್ಟೆ’ ಎಂಬ ಸಮರ್ಥನೆಗೆ ಕಾನೂನಿನ ಆಸರೆ ಸಿಕ್ಕಿದ್ದು ಇಲ್ಲಿಂದ. ಆಮೇಲೆ 1920ರಲ್ಲಿ ಮದ್ರಾಸ್, 1922ರಲ್ಲಿ ಬಂಗಾಳ, 1924ರಲ್ಲಿ ಬಾಂಬೆ ಮಕ್ಕಳ ಕಾಯ್ದೆಗಳು ಬಂದವು. ಸ್ವಾತಂತ್ರ್ಯದ ನಂತರ ಕೇಂದ್ರಾಡಳಿತ ಪ್ರದೇಶಗಳಿಗೆ 1960ರ ಕಾಯ್ದೆ ಬಂತು. ರಾಜ್ಯಕ್ಕೊಂದು ಕಾನೂನು, ರಾಜ್ಯಕ್ಕೊಂದು ವಯಸ್ಸು.

ಇದು ಸರಿಯಲ್ಲ, ಇಡೀ ದೇಶಕ್ಕೆ ಸಂಸತ್ತೇ ಒಂದು ಕಾನೂನು ಮಾಡಲಿ ಎಂದು ಪತ್ರಕರ್ತೆ ಶೀಲಾ ಬರ್ಸೆ ಅವರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1986ರಲ್ಲಿ ಹೇಳಿತು. ಜೈಲುಗಳಲ್ಲಿ ಕೊಳೆಯುತ್ತಿದ್ದ ಮಕ್ಕಳಿಗಾಗಿ ಅವರು ಹೂಡಿದ್ದ ಪ್ರಕರಣ ಅದು. ಅದೇ ವರ್ಷ ಬಾಲನ್ಯಾಯ ಕಾಯ್ದೆ ಬಂತು.

ಈ 1986ರ ಕಾಯ್ದೆಯನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಇವತ್ತಿನ ಗೋಜಲಿನ ಬೇರು ಅಲ್ಲಿದೆ. ಅದು ‘ನಿರ್ಲಕ್ಷಿತ’ ಮಗು ಯಾರು ಎಂದು ಪಟ್ಟಿ ಮಾಡಿತು. ಭಿಕ್ಷೆ ಬೇಡುತ್ತಿರುವ ಮಗು. ಮನೆ ಮಠ ಇಲ್ಲದೆ, ಹೊಟ್ಟೆಪಾಡಿಗೆ ದಾರಿ ಕಾಣದ ಮಗು. ಹತೋಟಿಯಲ್ಲಿಡಲು ಯೋಗ್ಯರಲ್ಲದ ಪೋಷಕರಿರುವ ಮಗು. ವೇಶ್ಯಾಗೃಹದಲ್ಲಿ ಇಲ್ಲವೇ ವೇಶ್ಯೆಯೊಂದಿಗೆ ಬದುಕುತ್ತಿರುವ ಮಗು. ಕೆಟ್ಟ ಕೆಲಸಕ್ಕೆ ಬಳಕೆಯಾಗುತ್ತಿರುವ, ಆಗಬಹುದಾದ ಮಗು. ವಯಸ್ಸಿನ ಗೆರೆ ಹುಡುಗರಿಗೆ 16, ಹುಡುಗಿಯರಿಗೆ 18.

ಈ ಪಟ್ಟಿಯಲ್ಲಿ ನಿರ್ಲಕ್ಷ್ಯ ಮಾಡಿದವರು ಎಲ್ಲಿದ್ದಾರೆ? ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಮಗು ಎಲ್ಲಿ ಸಿಕ್ಕಿತು, ಯಾರ ಜೊತೆಗಿದೆ, ಕೈಯಲ್ಲಿ ಕಾಸಿದೆಯೇ ಎಂಬುದೇ ಜಾಸ್ತಿ. ಬಡತನ ಮತ್ತು ನಿರ್ಲಕ್ಷ್ಯ ಒಂದೇ ಬುಟ್ಟಿಗೆ ಬಿದ್ದವು. ಪೊಲೀಸರು ಇಂಥ ಮಗುವನ್ನು ವಶಕ್ಕೆ ತೆಗೆದುಕೊಂಡು ಬಾಲ ಕಲ್ಯಾಣ ಮಂಡಳಿಯ ಮುಂದೆ ನಿಲ್ಲಿಸಬಹುದಿತ್ತು. ಮಂಡಳಿ ಅದನ್ನು ಬಾಲಮಂದಿರಕ್ಕೆ ಕಳಿಸಬಹುದಿತ್ತು. ಬೀದಿಯಲ್ಲಿ ಕಂಡ ಮಗು ಬೇಗ ಸಿಕ್ಕಿಬೀಳುತ್ತಿತ್ತು. ಬಾಗಿಲು ಹಾಕಿದ ಮನೆಯೊಳಗೆ ಉಪವಾಸ ಬಿದ್ದ ಮಗು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ.

ಭಾರತ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಗೆ 1992ರ ಡಿಸೆಂಬರ್‌ನಲ್ಲಿ ಸೇರಿತು. ಅದರ 19ನೇ ವಿಧಿ ದೈಹಿಕ, ಮಾನಸಿಕ ಹಿಂಸೆ, ನಿರ್ಲಕ್ಷ್ಯ, ಶೋಷಣೆ, ಲೈಂಗಿಕ ದೌರ್ಜನ್ಯ ಎಲ್ಲವನ್ನೂ ಒಟ್ಟಿಗೆ ಹೆಸರಿಸುತ್ತದೆ. ತಂದೆ ತಾಯಿಯ ಆಸರೆಯಲ್ಲಿರುವಾಗ ನಡೆದದ್ದೂ ಅದರಲ್ಲಿ ಸೇರುತ್ತದೆ. ಆ ಒಡಂಬಡಿಕೆಯ ನೆರಳಲ್ಲೇ 2000ದ ಬಾಲನ್ಯಾಯ ಕಾಯ್ದೆ ರೂಪುಗೊಂಡಿತು. ‘ನಿರ್ಲಕ್ಷಿತ’ ಎಂಬ ಹಣೆಪಟ್ಟಿ ಹೋಯಿತು, ‘ಪಾಲನೆ ಮತ್ತು ರಕ್ಷಣೆಯ ಅಗತ್ಯವಿರುವ ಮಗು’ ಬಂತು. ಹುಡುಗ ಹುಡುಗಿ ಇಬ್ಬರಿಗೂ ವಯಸ್ಸು 18 ಆಯಿತು. ಮಂಡಳಿಯ ಜಾಗಕ್ಕೆ ಮಕ್ಕಳ ಕಲ್ಯಾಣ ಸಮಿತಿ ಬಂತು. 2015ರ ಕಾಯ್ದೆಯಲ್ಲಿ ಈ ಪಟ್ಟಿ 12 ಬಗೆಗಳಿಗೆ ಬೆಳೆಯಿತು. ತನ್ನನ್ನು ಗಾಯಗೊಳಿಸಿದ, ಶೋಷಿಸಿದ, ನಿರ್ಲಕ್ಷಿಸಿದ ವ್ಯಕ್ತಿಯ ಜೊತೆಗೇ ಇರುವ ಮಗು ಅದರಲ್ಲಿದೆ. ಬಾಲ್ಯವಿವಾಹದ ಅಂಚಿನಲ್ಲಿರುವ ಮಗುವೂ ಇದೆ.

ಇದು ಮಗುವನ್ನು ಗುರುತಿಸುವ ಬಗೆ. ಶಿಕ್ಷೆಯ ವಿಷಯ 2015ರ ಕಾಯ್ದೆಯ 75ನೇ ಕಲಮಿನಲ್ಲಿದೆ. ಅದು ಹೇಳುವುದು ಇಷ್ಟು: ಮಗುವಿನ ವಾಸ್ತವ ಉಸ್ತುವಾರಿ ಅಥವಾ ಹತೋಟಿ ಇರುವವರು ಅದನ್ನು ಹೊಡೆದರೆ, ಕೈಬಿಟ್ಟರೆ, ದೌರ್ಜನ್ಯ ಎಸಗಿದರೆ, ಬೇಕೆಂತಲೇ ನಿರ್ಲಕ್ಷಿಸಿದರೆ, ಅದರಿಂದ ಮಗುವಿಗೆ ಅನಗತ್ಯ ದೈಹಿಕ ಅಥವಾ ಮಾನಸಿಕ ನೋವು ಆಗುವಂತಿದ್ದರೆ, 3 ವರ್ಷದವರೆಗೆ ಜೈಲು ಅಥವಾ 1 ಲಕ್ಷ ರೂಪಾಯಿ ದಂಡ, ಇಲ್ಲವೇ ಎರಡೂ. 2000ದ ಕಾಯ್ದೆಯಲ್ಲಿ ಇಂಥದ್ದಕ್ಕೇ 6 ತಿಂಗಳಷ್ಟೇ ಇತ್ತು. ಈಗ ಮಕ್ಕಳನ್ನು ನೋಡಿಕೊಳ್ಳುವ ಸಂಸ್ಥೆಯವರು ಮಾಡಿದರೆ 5 ವರ್ಷದವರೆಗೆ.

ಒಂದು ಮನೆ ಊಹಿಸಿಕೊಳ್ಳಿ. ತಾಯಿ ರಾತ್ರಿ ಪಾಳಿಗೆ ಹೋಗುತ್ತಾಳೆ. 8 ವರ್ಷದ ಮಗಳನ್ನೂ 3 ವರ್ಷದ ಮಗನನ್ನೂ ಒಳಗೆ ಬಿಟ್ಟು ಹೊರಗಿನಿಂದ ಬೀಗ ಹಾಕುತ್ತಾಳೆ. ಒಲೆ ಹತ್ತಿರ ಹೋಗಬೇಡಿ ಎಂದು ಹೇಳಿ, ಅನ್ನ ಮುಚ್ಚಿಟ್ಟು ಹೋಗುತ್ತಾಳೆ. ಇದು ಅಪರಾಧವೇ? ಉಸ್ತುವಾರಿ ಅವಳದೇ, ಅನುಮಾನವಿಲ್ಲ. ಆದರೆ ‘ಬೇಕೆಂತಲೇ’ ಎನ್ನಲಾದೀತೆ? ಬೇರೆ ದಾರಿ ಇದ್ದೂ ಹೀಗೆ ಮಾಡಿದಳೇ? ಮಕ್ಕಳಿಗಾದ ಭಯ ‘ಅನಗತ್ಯ’ ನೋವೇ? ಅಗತ್ಯ ನೋವು ಅಂತ ಒಂದಿದೆಯೇ? ನಿರ್ಲಕ್ಷ್ಯ ಎಂದರೇನು ಎಂದು ಕಾಯ್ದೆ ಎಲ್ಲೂ ಬಿಡಿಸಿ ಹೇಳಿಲ್ಲ. ಎಷ್ಟು ಹೊತ್ತು ಒಂಟಿಯಾಗಿ ಬಿಡಬಹುದು, ಯಾವ ವಯಸ್ಸಿನಿಂದ, ಎಷ್ಟು ದಿನ ಶಾಲೆ ತಪ್ಪಿದರೆ, ಔಷಧಿ ಕೊಡಿಸದಿದ್ದರೆ, ಯಾವುದಕ್ಕೂ ಅಳತೆ ಇಲ್ಲ. ತುಂಬ ಬಿಗಿಯಾದ ಅಳತೆ ಇಟ್ಟರೆ ಮೊದಲು ಜೈಲು ಸೇರುವುದು ಈ ತಾಯಿಯೇ ಎಂಬುದೂ ನಿಜ. ಅದೇ ಕಲಂ ಒಂದು ಕಿಟಕಿ ತೆರೆದಿಟ್ಟಿದೆ: ಹೆತ್ತವರು ಕೈಮೀರಿದ ಪರಿಸ್ಥಿತಿಯಿಂದ ಮಗುವನ್ನು ತೊರೆದಿದ್ದರೆ ಅದು ಬೇಕೆಂತಲೇ ಮಾಡಿದ್ದಲ್ಲ ಎಂದೇ ಭಾವಿಸಬೇಕು. ತೊರೆದವರಿಗೆ ಈ ರಿಯಾಯಿತಿ ಸ್ಪಷ್ಟವಾಗಿದೆ. ಬೀಗ ಹಾಕಿ ದುಡಿಯಲು ಹೋದವಳ ಬಗ್ಗೆ ಅಷ್ಟು ಸ್ಪಷ್ಟವಾಗಿ ಏನೂ ಇಲ್ಲ.

ಲೈಂಗಿಕ ದೌರ್ಜನ್ಯದ ವಿಷಯದಲ್ಲಿ ಕಥೆಯೇ ಬೇರೆ. 2012ರವರೆಗೆ ಅತ್ಯಾಚಾರದ ಕಲಂ, ಮಾನಭಂಗದ ಕಲಂ, ‘ಪ್ರಕೃತಿವಿರುದ್ಧ’ ಸಂಭೋಗದ 377ನೇ ಕಲಂ, ಇಷ್ಟರಲ್ಲೇ ಎಲ್ಲವನ್ನೂ ತುರುಕಬೇಕಿತ್ತು. ಗಂಡುಮಕ್ಕಳಿಗೆ ಆಗುವ ದೌರ್ಜನ್ಯಕ್ಕೆ ಸರಿಯಾದ ಹೆಸರೇ ಇರಲಿಲ್ಲ. ಅತ್ಯಾಚಾರದ ವ್ಯಾಖ್ಯೆಯನ್ನು ಹಿಗ್ಗಿಸಿ ಎಂದು ‘ಸಾಕ್ಷಿ’ ಎಂಬ ಸ್ವಯಂಸೇವಾ ಸಂಸ್ಥೆ ಕೇಳಿದಾಗ ಸುಪ್ರೀಂ ಕೋರ್ಟ್ 2004ರಲ್ಲಿ ಒಪ್ಪಲಿಲ್ಲ. 2007ರಲ್ಲಿ ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯವೇ 13 ರಾಜ್ಯಗಳ 12 ಸಾವಿರಕ್ಕೂ ಹೆಚ್ಚು ಮಕ್ಕಳನ್ನು ಮಾತಾಡಿಸಿ ವರದಿ ತಂದಿತು. ಶೇ 53ರಷ್ಟು ಮಕ್ಕಳು ಒಂದಲ್ಲ ಒಂದು ಬಗೆಯ ಲೈಂಗಿಕ ದೌರ್ಜನ್ಯ ಎದುರಿಸಿದ್ದಾಗಿ ಹೇಳಿದ್ದರು. ಅದರ ಮೇಲೆ 2012ರ ನವೆಂಬರ್ 14ರಿಂದ ಪೋಕ್ಸೊ ಜಾರಿಗೆ ಬಂತು. ಅದರಲ್ಲಿ ಯಾವ ಕೃತ್ಯಕ್ಕೆ ಯಾವ ಹೆಸರು, ಎಷ್ಟು ಶಿಕ್ಷೆ ಎಂದು ಪುಟಗಟ್ಟಲೆ ಇದೆ. ಗೊತ್ತಿದ್ದೂ ದೂರು ಕೊಡದವರಿಗೂ ಶಿಕ್ಷೆ ಇದೆ. ಬಟ್ಟೆಯ ಮೇಲಿಂದ ಮುಟ್ಟಿದ್ದಷ್ಟೇ, ‘ಚರ್ಮಕ್ಕೆ ಚರ್ಮ ತಗುಲಲಿಲ್ಲ’ ಎಂಬ ವಾದ 2021ರಲ್ಲಿ ಬಂದಾಗ ಸುಪ್ರೀಂ ಕೋರ್ಟ್ ಅದನ್ನು ತಳ್ಳಿಹಾಕಿತು.

ಅದೇ 2007ರ ವರದಿಯಲ್ಲಿ ಮೂವರಲ್ಲಿ ಇಬ್ಬರು ಮಕ್ಕಳು ದೈಹಿಕ ಹಿಂಸೆಯನ್ನೂ ಹೇಳಿಕೊಂಡಿದ್ದರು. ಅದರ ಬಗ್ಗೆ ಪೋಕ್ಸೊದಂಥ ಪೂರ್ಣ ಕಾನೂನು ಬರಲಿಲ್ಲ. ಬಂದದ್ದು ತುಂಡು ತುಂಡಾಗಿ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ಶಾಲೆಯಲ್ಲಿ ಹೊಡೆತ, ಮಾನಸಿಕ ಕಿರುಕುಳ ನಿಷೇಧಿಸಿತು. ಆದರೆ ಅದರಡಿ ತಪ್ಪಿದವರ ಮೇಲೆ ಸೇವಾ ನಿಯಮದ ಶಿಸ್ತುಕ್ರಮ ಅಷ್ಟೇ. 2015ರ ಕಾಯ್ದೆ ‘ದೈಹಿಕ ಶಿಕ್ಷೆ’ಯನ್ನು ಚೆನ್ನಾಗಿಯೇ ವ್ಯಾಖ್ಯಾನಿಸಿದೆ: ಶಿಸ್ತಿಗಾಗಿ ಬೇಕೆಂದೇ ನೋವು ಕೊಡುವುದು, ಯಾರೇ ಕೊಟ್ಟರೂ. ಆದರೆ ಅದಕ್ಕೆಂದೇ ಇಟ್ಟ 82ನೇ ಕಲಂ ಅನ್ವಯಿಸುವುದು ಬಾಲಮಂದಿರದಂಥ ಸಂಸ್ಥೆಗಳಿಗೆ ಮಾತ್ರ. ಅಲ್ಲೂ ಮೊದಲ ಸಲಕ್ಕೆ 10 ಸಾವಿರ ರೂಪಾಯಿ ದಂಡ. ವ್ಯಾಖ್ಯೆಯಲ್ಲಿ ಎಲ್ಲರೂ ಇದ್ದಾರೆ, ಶಿಕ್ಷೆ ಬರುವಾಗ ಮನೆಯವರು ಸುಮ್ನೆ ಪಕ್ಕಕ್ಕೆ ಸರಿದುಬಿಡುತ್ತಾರೆ. ಅವರನ್ನು ಹಿಡಿಯಬೇಕಾದರೆ ಮತ್ತೆ 75ಕ್ಕೇ, ಆ ‘ಅನಗತ್ಯ ನೋವಿ’ಗೇ ಬರಬೇಕು.

ಇತ್ತೀಚಿನ ಎರಡು ಬದಲಾವಣೆಗಳು ಈ ಗಂಟನ್ನು ಸಡಿಲಿಸಿಲ್ಲ. 2021ರ ತಿದ್ದುಪಡಿಯಿಂದ ಬಾಲನ್ಯಾಯ ಕಾಯ್ದೆಯಲ್ಲಿ 3ರಿಂದ 7 ವರ್ಷದವರೆಗಿನ ಶಿಕ್ಷೆಯ ಅಪರಾಧಗಳನ್ನು ಪೊಲೀಸರು ಮ್ಯಾಜಿಸ್ಟ್ರೇಟರ ಅಪ್ಪಣೆ ಇಲ್ಲದೆ ತನಿಖೆ ಮಾಡುವಂತಿಲ್ಲ. 2024ರ ಜುಲೈ 1ರಿಂದ ಹಳೆಯ ದಂಡ ಸಂಹಿತೆಯ ಜಾಗಕ್ಕೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಮಗುವನ್ನು ತೊರೆಯುವ ಅಪರಾಧ 93ನೇ ಕಲಂ ಆಗಿದೆ. ಪೋಷಕರ ಸದ್ಭಾವನೆಯ ಹಳೆಯ ರಕ್ಷಣೆಯೂ ಹೊಸ ಸಂಖ್ಯೆ ಹೊತ್ತು ಹಾಗೇ ಮುಂದುವರಿದಿದೆ. ಸದ್ಯಕ್ಕೆ ಮನೆಯೊಳಗಿನ ನಿರ್ಲಕ್ಷ್ಯದ ಪ್ರಶ್ನೆ ಹೆಚ್ಚಾಗಿ ಬಗೆಹರಿಯಬೇಕಾದದ್ದು ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿಯ ಮೇಜಿನ ಮೇಲೆ. ಒಬ್ಬ ಅಧ್ಯಕ್ಷರು, ನಾಲ್ವರು ಸದಸ್ಯರು, ಸಾಮಾಜಿಕ ತನಿಖಾ ವರದಿಗೆ 15 ದಿನ. ಯಾವುದು ಬಡತನ, ಯಾವುದು ನಿರ್ಲಕ್ಷ್ಯ ಎಂದು ಆ ವರದಿ ಬರೆಯುವವರೇ ತೂಗಿ ನೋಡಬೇಕು. ತಕ್ಕಡಿಯನ್ನು ಮಾತ್ರ ಕಾಯ್ದೆ ಅವರ ಕೈಗೆ ಕೊಟ್ಟಿಲ್ಲ.