ಅಸಲಿಯಾದರೆ ಇನ್ನೂ ತೊಂದರೆ

ಹಳೇ ವಸ್ತುಗಳಿಗಾಗಿ ಮುಂಬೈ ಕನ್ನಡಿಗರು ಈಗ ಚೋರ್ ಬಜಾರಿನ ಮಟನ್ ಸ್ಟ್ರೀಟ್ ಸುತ್ತುವುದು ಕಡಿಮೆ. ಹರಾಜು ಮೊಬೈಲಿನಲ್ಲೇ ಮುಗಿಯುತ್ತದೆ. ಫೋಟೊ ಕಳಿಸಿದವರೆಲ್ಲ ಕೇಳುವುದು ಒಂದೇ: 'ಅಸಲಿಯಾ?'

ನಾಣ್ಯವಾದರೆ ಮನೆಯಲ್ಲೇ ನೋಡಬಹುದು. ವಿಕ್ಟೋರಿಯಾ ಕಾಲದ ಬೆಳ್ಳಿ ರೂಪಾಯಿಯ ತೂಕ 11.66 ಗ್ರಾಂ, ಬೆಳ್ಳಿ ಶೇ. 91.7. ಎರಡು ದಶಾಂಶ ತೋರಿಸುವ ತಕ್ಕಡಿಯ ಮೇಲೆ ನೀರಿನ ಲೋಟವಿಟ್ಟು ಸೊನ್ನೆ ಮಾಡಿ. ನಾಣ್ಯವನ್ನು ತೆಳು ದಾರದಲ್ಲಿ ಕಟ್ಟಿ, ತಳ ಮುಟ್ಟದಂತೆ ಪೂರ್ತಿ ಮುಳುಗಿಸಿ. ತಕ್ಕಡಿ ಆಗ ತೋರಿಸುವುದು ನಾಣ್ಯ ಸರಿಸಿದ ನೀರಿನ ತೂಕ, ಅದು 1.13 ಗ್ರಾಂ ಆಸುಪಾಸು ಬರಬೇಕು. 1.3 ದಾಟಿದರೆ ಹಿತ್ತಾಳೆಯೋ, ಬೆಳ್ಳಿಯೇ ಇಲ್ಲದ ಜರ್ಮನ್ ಸಿಲ್ವರೋ ಇರಬೇಕು. ಅದಕ್ಕೂ ಮೊದಲು ಗಾಳಿಗುಳ್ಳೆ ಅಂಟಿಲ್ಲವೆಂದು ನೋಡಿಕೊಳ್ಳಿ. ನಕಲಿ ಎಂದು ತಿಳಿದ ಮೇಲೂ ಅಸಲಿ ಎಂದೇ ಇನ್ನೊಬ್ಬರಿಗೆ ದಾಟಿಸಿದರೆ, ಆಗ ಮೋಸಗಾರ ನೀವೇ.

ವಿಗ್ರಹದ ಲೆಕ್ಕ ಬೇರೆ. ನಕಲಿಯಾದರೆ ದುಡ್ಡು ಹೋಯಿತು, ಅಷ್ಟೆ. ಅಸಲಿಯಾದರೆ ಯಾವ ಗುಡಿಯದು, ಕದ್ದದ್ದೋ? ಮುಖದ ಫೋಟೊ ಸಾಲದು, ಪೀಠದ್ದು ಮತ್ತು ತಳದ್ದು ಕೇಳಿ. ಉತ್ಸವಮೂರ್ತಿಯ ಪೀಠಕ್ಕೆ ಪ್ರಭಾವಳಿ ಸಿಕ್ಕಿಸಲು, ಮೆರವಣಿಗೆಯಲ್ಲಿ ಹೊರುವ ದಂಡ ತೂರಿಸಲು ಕಿವಿಯಂಥ ಹಿಡಿಕೆ, ತೂತುಗಳಿರುತ್ತವೆ. ಪೀಠದ ಈ ಕಿವಿ ಮುರಿದ ಜಾಗದಲ್ಲಿ ಕಂಚು ಹಳದಿಯಾಗಿ ಹೊಳೆಯುತ್ತಿದ್ದರೆ ಮುರಿದದ್ದು ಇತ್ತೀಚೆಗೆ. ಮಾರುವವರು 'ಅಜ್ಜನ ಮನೆದೇವರು' ಎಂದು ಬರೆದಿರುತ್ತಾರೆ. ಎರಡಡಿಯ ಮೂರ್ತಿ ಯಾವ ಅಜ್ಜನ ದೇವರಗೂಡಿನಲ್ಲಿತ್ತೋ!

1972ರ ಪ್ರಾಚ್ಯವಸ್ತು ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ಲೋಹಶಿಲ್ಪಕ್ಕೆ ನೋಂದಣಿ ಬೇಕು, ಕೈ ಬದಲಾದರೆ ಅದನ್ನೂ ತಿಳಿಸಬೇಕು. ನೋಂದಣಿ ಪತ್ರ ತರಿಸಿಕೊಂಡು, ಅದರ ಫೋಟೊದೊಂದಿಗೆ ಬೆರಳು, ಆಯುಧ, ಮುಕ್ಕಾದ ಅಂಚುಗಳನ್ನು ಹೋಲಿಸಿ. ಪತ್ರವಿಲ್ಲವೆಂದರೆ ಮಾತು ಅಲ್ಲಿಗೇ ನಿಲ್ಲಲಿ.

'ನಾವು ಕೊಳ್ಳದಿದ್ದರೆ ವಿದೇಶಕ್ಕೆ ಹೋಗುತ್ತೆ, ಉಳಿಸಿದ ಪುಣ್ಯವಾದರೂ ಬರಲಿ' ಎನ್ನುವವರೂ ಇದ್ದಾರೆ. ನಾನು ಒಪ್ಪುವುದಿಲ್ಲ. ಆ ದುಡ್ಡಿನಲ್ಲೇ ಇನ್ನೊಂದು ಗುಡಿಯ ಬೀಗ ಮುರಿಯುತ್ತದೆ. ಕದ್ದದ್ದೆಂದು ನಂಬಲು ಕಾರಣವಿದ್ದೂ ಕೊಂಡರೆ ಅಪರಾಧ ನಿಮ್ಮ ತಲೆಗೂ ಬರುತ್ತದೆ.

ಅನುಮಾನ ಬಂದರೆ ಮಾರುವವನಿಗೆ ಸುಳಿವು ಕೊಡಬೇಡಿ, ಜಾಹೀರಾತು ಆ ಕ್ಷಣವೇ ಮಾಯವಾಗುತ್ತದೆ. ಮೊದಲು ಪುಟದ ವಿಳಾಸ, ಎಲ್ಲ ಫೋಟೊ, ಮಾರುವವನ ಹೆಸರು, ದಿನಾಂಕ ಉಳಿಸಿಕೊಳ್ಳಿ. ಆಮೇಲೆ ಪೊಲೀಸರಿಗೆ, ಪುರಾತತ್ವ ಸರ್ವೇಕ್ಷಣೆಗೆ ತಿಳಿಸಿ. ಈಗಾಗಲೇ ಕೊಂಡಾಗಿದ್ದರೆ ಕಷ್ಟ ಹೆಚ್ಚು. ವಾಪಸ್ ಕಳಿಸಿದರೆ ದುಡ್ಡು ಸಿಗಬಹುದು, ಆದರೆ ಮೂರ್ತಿ ಮತ್ತೆ ಅದೇ ಕೈಗೆ ಹೋಗುತ್ತದೆ. ತೊಳೆಯಬೇಡಿ, ಪ್ಯಾಕಿಂಗ್ ಮೇಲಿನ ಚೀಟಿ ಹರಿಯಬೇಡಿ. ಅದರ ಸಮೇತ ಪೊಲೀಸರಿಗೆ ಒಪ್ಪಿಸಿ ರಸೀದಿ ಪಡೆಯಿರಿ, ದುಡ್ಡಿನ ಆಸೆ ಬಿಡಿ.